ಹನ್ನೆರಡನೆಯ ಕನ್ನಡಕ

ಹಾಲು, ಔಷಧಿ, ಬ್ರೆಡ್ಡು ಇರಬೇಕಾದ ಚೀಲದಲ್ಲಿ ಅವತ್ತು ಹನ್ನೊಂದು ಕನ್ನಡಕಗಳು ಕಟಕಟ ಎನ್ನುತ್ತಿದ್ದವು. ಆ ಸದ್ದು ಕೇಳಿದಷ್ಟೂ ನರ್ಸಮ್ಮನಿಗೆ ಮೈ ಉರಿಯುತ್ತಿತ್ತು.

ರೋಗ ಹರಡಿದ ಮೇಲೆ ಕಟ್ಟಡಕ್ಕೊಬ್ಬರು ಮಾತ್ರ ಹೊರಗೆ ಹೋಗಬಹುದೆಂದು ನಿಯಮವಾಗಿತ್ತು. ನಾಲ್ಕು ಮಹಡಿಯ ಅವರ ಕಟ್ಟಡಕ್ಕೆ ಸಿಕ್ಕ ಒಂದೇ ಪಾಸು ಇವರ ಪಾಲಿಗೆ ಬಂತು. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ಆಳಿ ನಿವೃತ್ತರಾದ ಹೆಂಗಸು, ಯಾರಿಗೂ ಹೆದರುವ ಪೈಕಿಯಲ್ಲ. ಆ ಗಂಟಲಿಗೆ ಮಕ್ಕಳು ಬೆನ್ನ ಹಿಂದೆ 'ಸೈರನ್ನು' ಎಂದು ಹೆಸರಿಟ್ಟಿದ್ದವು. ಬೆಳಗಾದರೆ ಮನೆಮನೆಯ ಸಾಮಾನಿನ ಚೀಟಿ ಹಿಡಿದು ಬೀದಿ ಸುತ್ತುವುದೇ ಅವರ ಕೆಲಸವಾಗಿತ್ತು.

ಮಾಸ್ಕು ತೆಗೆದು ಹಾಕಿ ಮಾಡಿ ಎಲ್ಲರ ಕನ್ನಡಕದ ಕಡ್ಡಿಗಳೂ ಸಡಿಲವಾಗಿದ್ದವು. ಬೀದಿ ಕೊನೆಯ ಕನ್ನಡಕದಂಗಡಿಯಲ್ಲಿ ಸ್ಕ್ರೂ ಬಿಗಿ ಮಾಡುವುದಕ್ಕೆ ಎಂದೂ ದುಡ್ಡು ತೆಗೆದುಕೊಂಡವರಿಲ್ಲ. ಅಪ್ಪನ ಕಾಲದ ರೂಢಿ, ಮಗನೂ ಬಿಟ್ಟಿರಲಿಲ್ಲ. ಪುಕ್ಕಟೆ ಅಂದಮೇಲೆ ಕೇಳಬೇಕೆ? ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಎಲ್ಲ ಮಹಡಿಗಳಿಂದ ಕನ್ನಡಕಗಳು ಇಳಿದು ಬಂದಿದ್ದವು.

ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಒಳಗೆ ಗಾಜು ಕೊರೆಯುವ ಮಿಷನ್ನಿನ ಮೇಲೆ ಬೆಡ್‌ಶೀಟು ಹೊದಿಸಿತ್ತು. ಕನ್ನಡಕದವನು ಒಂದೊಂದನ್ನೇ ತೆಗೆದು ಕಡ್ಡಿಯ ಒಳಬದಿಯಲ್ಲಿದ್ದ ಕಂಪನಿಯ ಹೆಸರು ನೋಡಿ ಸಾಲಾಗಿ ಇಟ್ಟ.

"ಇದು ಫೋನಲ್ಲಿ ತರಿಸಿದ್ದು. ಇದೂ ಅಷ್ಟೇ. ಇದೂನೂ."

"ಒಂದೂ ನಿನ್ನದಲ್ವೇನೋ?"

"ಕಣ್ಣು ಪರೀಕ್ಷೆ ಮಾತ್ರ ಎಲ್ಲರದ್ದೂ ಇಲ್ಲೇ ಅಕ್ಕ. ನಂಬರ್ ಬರೆದುಕೊಟ್ಟೋನು ನಾನೇ. ಚೀಟಿ ಜೇಬಿಗಿಟ್ಕೊಂಡು, ಸಂಜೆ ಬರ್ತೀವಿ ಅಂದು ಹೋದ್ರು. ಆ ಸಂಜೆ ಇನ್ನೂ ಆಗಿಲ್ಲ."

"ಮಿಷನ್ ಯಾಕೆ ಮಲಗಿಸಿದೀಯ?"

"ಶನಿವಾರ ಕೊಂಡವರು ಬಂದು ಒಯ್ತಾರೆ. ಈ ಜಾಗ ಯಾವುದೋ ಪಾರ್ಸೆಲ್ ಕಂಪನಿ ಗೋಡೌನಿಗಂತೆ. ಅಷ್ಟರಲ್ಲಿ ಐದು ಆರ್ಡರ್ ಬಂದ್ರೂ ಸಾಕು, ಮಿಷನ್ ಕೊಡಲ್ಲ ಅಂದ್ಬಿಡ್ತೀನಿ. ಎಲ್ಲಿಂದ ಬರ್ಬೇಕು ಹೇಳಿ."

ನರ್ಸಮ್ಮನ ಕೋಪ ನೆತ್ತಿಗೇರಿತು. ಕಟ್ಟಡದ ಸೆಕ್ರೆಟರಿ ಹಿಂದಿನ ದಿನವಷ್ಟೇ ಎಲ್ಲರ ಫೋನಿಗೆ 'ನಮ್ಮ ಬೀದಿಯ ಅಂಗಡಿಗಳನ್ನು ಉಳಿಸೋಣ' ಎಂದು ಕಳಿಸಿದ್ದ, ಕೆಳಗೆ ಹತ್ತು ಕೈಮುಗಿಯುವ ಚಿತ್ರಗಳು ಬೇರೆ. ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಕನ್ನಡಕ ಅವನದೇ.

"ಉಂಡ ಮನೆಯ ಜಂತೆ ಎಣಿಸೋ ಜನ! ಇವರ ಮರ್ಯಾದೆಗಿಷ್ಟು! ಒಂದಕ್ಕೂ ಕೈ ಹಚ್ಚಬೇಡ, ಎಲ್ಲಾ ಹಾಗೇ ವಾಪಸ್ ಬಿಸಾಕ್ತೀನಿ!"

"ಬೇಡಿ ಅಕ್ಕ. ಕಣ್ಣು ಕಾಣದೆ ಯಾರಾದ್ರೂ ಮೆಟ್ಟಿಲಲ್ಲಿ ಬಿದ್ದಾರು."

ಆ ಮಾತಿಗೆ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಬೈಗುಳದ ರಭಸಕ್ಕೆ ಅವರದೇ ಕನ್ನಡಕ ಜಾರಿ ಮೂಗಿನ ತುದಿಗೆ ಬಂದು ನಿಂತಿತು. ಅವನು ಅಭ್ಯಾಸಬಲದಿಂದ ಕೈ ಚಾಚಿದ. ಕೊಟ್ಟರು. ಕಡ್ಡಿಯ ಒಳಬದಿ ನೋಡದೆಯೇ ಸ್ಕ್ರೂ ತಿರುಗಿಸತೊಡಗಿದ.

ಉಳಿದವನ್ನೆಲ್ಲ ನೋಡಿದವನು ಇದನ್ನೇಕೆ ನೋಡಲಿಲ್ಲ?

"ಇದು?" ಎಂದರು ನರ್ಸಮ್ಮ.

"ಇರ್ಲಿ ಬಿಡಿ ಅಕ್ಕ."

ಆಗ ನೆನಪಾಯಿತು. ಹೋದ ವರ್ಷ ಇದೇ ಸ್ಟೂಲಿನ ಮೇಲೆ ಕೂತು ಅಕ್ಷರ ಓದಿ, ಚೀಟಿ ಬರೆಸಿಕೊಂಡಿದ್ದರು. ಸಂಜೆ ಬರ್ತೀನಪ್ಪ ಎಂದಿದ್ದರು. ಅಷ್ಟರಲ್ಲಿ ಮಗಳು ಫೋನಿನಲ್ಲೇ ತರಿಸಿಕೊಟ್ಟಿದ್ದಳು. ಅವನು ಅದನ್ನು ಇಲ್ಲಿಯವರೆಗೆ ಮೂರು ಸಲ ಬಿಗಿ ಮಾಡಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಹನ್ನೊಂದು ತಟ್ಟೆಗಳ ನೊಣ ಎಣಿಸುತ್ತ ನಿಂತಿದ್ದಾಯಿತಲ್ಲ! ಮಾಸ್ಕಿನೊಳಗೆ ಮುಖ ಸುಟ್ಟುಹೋಯಿತು. ಮೂವತ್ತು ವರ್ಷದಲ್ಲಿ ಯಾವ ಡಾಕ್ಟರೂ ಅವರನ್ನು ಇಷ್ಟು ನಾಚಿಸಿರಲಿಲ್ಲ.

"ಅದನ್ನ ನೀನೇ ಇಟ್ಕೋ. ನಂಗೆ ಹೊಸದು ಮಾಡು. ಮಿಷನ್ ಮೇಲಿನ ಬೆಡ್‌ಶೀಟು ತೆಗಿ ಮೊದಲು."

ಹನ್ನೊಂದನ್ನೂ ಅವನ ಬಳಿಯೇ ಬಿಟ್ಟು, ಖಾಲಿ ಚೀಲ ಹಿಡಿದು ಬರಿಗಣ್ಣಲ್ಲೇ ಬೀದಿ ದಾಟಿ ಬಂದು ಕಟ್ಟಡದ ಅಂಗಳದಲ್ಲಿ ನಿಂತು ಒಂದೇ ಒಂದು ಕೂಗು ಹಾಕಿದರು. ಎಲ್ಲ ಬಾಲ್ಕನಿಗಳಲ್ಲೂ ಮಸುಕು ಮಸುಕಾದ ತಲೆಗಳು ಕಾಣಿಸಿದವು.

"ನಮ್ಮದು ಬಿಗಿ ಮಾಡಿಸಿದ್ರಾ?" ಮೇಲಿಂದ ಸೆಕ್ರೆಟರಿಯ ದನಿ. "ಅಯ್ಯೋ, ನಿಮ್ಮ ಕನ್ನಡಕ ಎಲ್ಲಿ?" ಪಕ್ಕದ ಬಾಲ್ಕನಿಯಿಂದ ಹುಡುಗಿಯೊಬ್ಬಳು ಕೂಗಿದಳು.

"ಕೊಟ್ಟು ಬಂದೆ. ಅವನಿಗೆ ಟೋಪಿ ಹಾಕಿದೋರಲ್ಲಿ ನಾನೂ ಒಬ್ಬಳು, ಅದಕ್ಕೆ ಕೊಟ್ಟು ಬಂದೆ. ಇನ್ಮೇಲೆ ನಿಮ್ಮ ಸಾಮಾನಿನ ಚೀಟಿ ನಂಗೆ ಓದೋಕಾಗಲ್ಲ. ಹಾಲು ಅಂತ ಬರೆದಿದೀರೋ, ಇಲಿ ಪಾಷಾಣ ಅಂತ ಬರೆದಿದೀರೋ, ಕೈಗೆ ಸಿಕ್ಕಿದ್ದು ತರ್ತೀನಿ."

"ಹೊಸದು ಯಾವಾಗ ಬರುತ್ತೆ?"

"ಅವನ ಮಿಷನ್ ಉಳಿದ್ರೆ. ಶನಿವಾರದೊಳಗೆ ಇನ್ನೂ ನಾಲ್ಕು ಆರ್ಡರ್ ಹೋದ್ರೆ ಉಳಿಯುತ್ತೆ."

ನರ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದ ಬಾಯಿ ಅಗಲಿಸಿ ಮೇಲಕ್ಕೆ ಹಿಡಿದರು.

"ಅವನು ಬರೆದುಕೊಟ್ಟ ನಂಬರ್ ಚೀಟಿ ಕೆಳಗೆ ಹಾಕಿ. ಸಂಜೆ ಬರ್ತೀವಿ ಅಂದಿದ್ರಲ್ಲ? ಸಂಜೆ ಆಯ್ತು!"