ಧಣಿಯ ಪಾಲು

“ಏನೇ ಓಡೆಟ್, ಉಗುರಿಗೆ ಬಣ್ಣ ಹಚ್ಕಂಡು ಒಣಗ್ಲಿ ಅಂತ ಕಾಯ್ತಿದ್ದೀಯಾ? ಬೆಲ್ಟಿನ ಮೇಲೆ ಏಡಿ ಹಂಗೇ ಹೋಗ್ತಾ ಅವೆ.”

ಹೀಗೆ ಅಂದವನು ಲೋರ್ನ್, ಕೇಪ್ ಬ್ರೆಟನ್ ದ್ವೀಪದ ನಮ್ಮ ಏಡಿ ಕಾರ್ಖಾನೆಯ ಧಣಿ. ಅನ್ನಿಸಿಕೊಂಡವಳು ಮೂವತ್ತೊಂದು ವರ್ಷದಿಂದ ನನ್ನ ಪಕ್ಕದಲ್ಲೇ ನಿಂತು ಏಡಿಯ ಕಾಲು ಮುರಿಯುತ್ತಿರುವವಳು. ಅವಳ ಬೆರಳು ಈಗ ಏಡಿಯ ಕಾಲಿನಷ್ಟೇ ಸೊಟ್ಟ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದಕ್ಕೂ ಗಂಡನನ್ನು ಕೂಗುತ್ತಾಳೆ.

ಅವತ್ತು ಲೋರ್ನ್ ಕೈಯಲ್ಲಿ ಒಂದು ಕಟ್ಟು ಕಾಗದವಿತ್ತು. ಪ್ರಾಂತ್ಯದ ಶಾಸನಸಭೆಯಲ್ಲಿ ಹೊಸ ಕಾನೂನು ಪಾಸಾಗಿತ್ತು. ನಮ್ಮಂಥ ಸಣ್ಣ ಕಾರ್ಖಾನೆಗಳ ಕೆಲಸಗಾರರ ದುಡ್ಡನ್ನೆಲ್ಲ ಒಂದೇ ದೊಡ್ಡ ನಿಧಿಗೆ ಸೇರಿಸಿ, ಮುಪ್ಪಿನಲ್ಲಿ ಪಿಂಚಣಿ ಕೊಡುವುದಂತೆ. ಓಡೆಟ್ ಮುಖ ಅರಳಿತು. ಧಣಿಯೂ ಪಾಲು ಹಾಕಿದರೆ ಅರವತ್ತೈದಕ್ಕೆ ಅವಳು ಕೈಗವಸು ಬಿಚ್ಚಿ ಬಿಸಾಕಬಹುದು. ಇಲ್ಲದಿದ್ದರೆ ಕೈ ಕಳಚಿ ಬೀಳುವ ತನಕ ಏಡಿಯೇ ಗತಿ.

“ನೀವೆಷ್ಟು ಹಾಕ್ತೀರಿ ಧಣೀರೆ?”

“ನಾನ್ಯಾಕೆ ಹಾಕ್ಲಿ? ಹಾಕ್ಲೇಬೇಕು ಅಂತ ಕಾನೂನಲ್ಲಿಲ್ಲ. ಕೆಲಸ ಮಾಡಕ್ಕೆ ಜಾಗ ಕೊಟ್ಟಿಲ್ವಾ ನಾನು? ನಿಮ್ಮ ಸಂಬಳದಲ್ಲೇ ಹಿಡ್ಕಂತೀನಿ. ಕೈಗೆ ಕೊಟ್ರೆ ಬಿಂಗೋ ಜೂಜಾಡಿ ಕಳೀತೀರಿ.”

“ಕಂಜೂಸ್ ನನ್ಮಗ,” ಅಂದಳು ಬೆಲ್ಟಿನ ಆಚೆ ಬದಿಯ ಮರ್ಡೀನಾ, ಅವನು ಬಾಗಿಲು ದಾಟಿದ ಮೇಲೆ. ಅವಳ ಧೈರ್ಯ ಯಾವಾಗಲೂ ಬಾಗಿಲು ದಾಟಿದ ಮೇಲಿನದೇ. ನನ್ನದೂ ಅಷ್ಟೇ ಅನ್ನಿ.

ಆ ಶನಿವಾರ ಚರ್ಚಿನ ಸಭಾಂಗಣದಲ್ಲಿ ಕೆಲಸಗಾರರು, ಅವರ ಮನೆಯವರ ಊಟ. ಪ್ರತಿ ವಸಂತದಲ್ಲೂ ಇರುತ್ತದೆ. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು, ತರದವರು ಎಲ್ಲರ ತಟ್ಟೆ ತೊಳೆಯಬೇಕು. ಹೋದ ವರ್ಷ ಪಾದ್ರಿಯೇ ತೋಳು ಮಡಚಿ ತೊಳೆದಿದ್ದರು. ಲೋರ್ನ್ ಈ ಊಟಕ್ಕೆ ಎಂದೂ ಕಾಲಿಟ್ಟವನಲ್ಲ. ಈ ಸಲ ಆ ಕಾನೂನಿಗೆ ಕೈ ಎತ್ತಿದ ಸದಸ್ಯನನ್ನೂ ಪತ್ರಿಕೆಯ ಫೋಟೋದವನನ್ನೂ ಕರೆದುಕೊಂಡು ಬಂದ. ಕೈ ಬೀಸಿಕೊಂಡು ಬಂದ. ಓಡೆಟ್ ಮಾಡಿದ ಕೋಳಿ ಸ್ಟ್ಯೂ ಎರಡು ಸಲ ಹಾಕಿಸಿಕೊಂಡು, “ನಾವೆಲ್ಲಾ ಒಂದೇ ಮನೆಯೋರು, ಎಲ್ಲರ ದುಡ್ಡೂ ಒಂದೇ ಗಂಟು” ಎಂದು ಭಾಷಣವನ್ನೂ ಬಿಗಿದ.

ಚಪ್ಪಾಳೆಗೆ ಕಾಯುತ್ತಿದ್ದವನ ಎದುರು ಓಡೆಟ್ ಹೋಗಿ ನಿಂತಳು. ಕೈಯಲ್ಲಿ ಒದ್ದೆ ಏಪ್ರನ್.

“ಊಟಕ್ಕೆ ಏನ್ ತಂದ್ರಿ ಧಣೀರೆ?”

“ನಾನು... ಇವ್ರನ್ನ ಕರ್ಕಂಡ್ ಬಂದೆ.”

“ಅವ್ರನ್ನ ಬೇಯ್ಸಕ್ಕಾಗಲ್ಲ.”

ಇಡೀ ಸಭಾಂಗಣವೇ ನಕ್ಕಿತು. ಸದಸ್ಯ ಎಲ್ಲರಿಗಿಂತ ಜೋರಾಗಿ ನಕ್ಕ, ಚುನಾವಣೆ ಹತ್ತಿರವಿತ್ತು.

“ಎರಡ್ರಲ್ಲಿ ಒಂದು ಮಾಡಿ,” ಅಂದಳು ಓಡೆಟ್. “ನಮ್ಮ ಪಿಂಚಣೀಗೆ ನಿಮ್ಮ ಪಾಲು ಎಷ್ಟು ಅಂತ ಇವ್ರ ಮುಂದೆ ಹೇಳಿ. ಇಲ್ಲಾಂದ್ರೆ ತಟ್ಟೆ ತೊಳೀರಿ.”

ಲೋರ್ನ್ ಕ್ಯಾಮೆರಾ ನೋಡಿದ, ಏಪ್ರನ್ ನೋಡಿದ. ಆಮೇಲೆ ಏಪ್ರನ್ ಕಟ್ಟಿಕೊಂಡ. ನೂರಿಪ್ಪತ್ತು ತಟ್ಟೆ, ಎಂಟು ಪಾತ್ರೆ, ಎಲ್ಲ ತೊಳೆದ. ಪಾಲಿನ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಓಡೆಟ್ ತನ್ನ ಖಾಲಿ ಹಂಡೆಯನ್ನು ತಾನೇ ಎತ್ತಲಾರದೆ ನನ್ನ ಕಡೆ ನೋಡಿದಳು.

“ನೋಡ್ದೇನೆ? ಎಂಜಲು ತಟ್ಟೆ ತೊಳ್ದಾನು, ಪಾಲು ಹಾಕಾಕಿಲ್ಲ ಬೋಳಿಮಗ.”

ಸೋಮವಾರ ಬೆಲ್ಟು ಶುರುವಾಯಿತು. ನಾವು ನಲವತ್ತೊಂದು ಜನ ನಮ್ಮ ನಮ್ಮ ಜಾಗದಲ್ಲೇ ನಿಂತಿದ್ದೆವು, ಕೈ ಜೇಬಿನಲ್ಲಿ. ಮರ್ಡೀನಾ ಕೂಡ. ಜೀವಂತ ಏಡಿಗಳು ನಮ್ಮ ಮುಂದೆಯೇ ಸಾಗಿ, ತುದಿಯಲ್ಲಿ ದಬದಬನೆ ನೆಲಕ್ಕೆ ಉದುರತೊಡಗಿದವು. ಲೋರ್ನ್ ಓಡಿ ಬಂದ.

“ಏನ್ರೇ ಇದು? ಏನ್ ಮಾಡ್ತಿದ್ದೀರಿ?”

“ಜಾಗ ಕೊಟ್ಟಿದ್ದೀರಲ್ಲ ಧಣೀರೆ,” ಅಂದಳು ಓಡೆಟ್. “ನಿಂತಿದ್ದೀವಿ.”

ಬೆಲ್ಟು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಏಡಿಗಳು ಅವನ ಬೂಟಿನ ಮೇಲೆ ಹತ್ತುತ್ತಿದ್ದವು.