ಎಡಗಡೆಯ ಗಿಟಾರ್

ಸಕಾರ ಮತ್ತೆ ಚುಚ್ಚಿತು, ಹಾಡಿನಲ್ಲಿ ಸಂಜೆ ಅನ್ನುವಲ್ಲಿನ ಸಕಾರ, ತನ್ನದೇ ಗಂಟಲಿಂದ ಬಂದದ್ದು, ಹೆಡ್‌ಫೋನಿನಿಂದ ಸೂಜಿಯ ಹಾಗೆ ಕಿವಿಯೊಳಗೆ ಇಳಿಯುತ್ತದೆ — ನಂದಿತಾ ಮೌಸ್ ಎಳೆದು ಆ ಚೂಪನ್ನು ತಗ್ಗಿಸಿದಳು, ಕತ್ತರಿಸು, ಇನ್ನೊಂಚೂರು, ಸಾಕು ಸಾಕು, ಜಾಸ್ತಿ ಕತ್ತರಿಸಿದರೆ ತೊದಲಿದ ಹಾಗೆ ಕೇಳುತ್ತದೆ. ಕಿಟಕಿಗೆ ಜಮಖಾನ ಕಟ್ಟಿ, ಹಾಸಿಗೆಯನ್ನು ಗೋಡೆಗೆ ಒರಗಿಸಿ ರೆಕಾರ್ಡ್ ಮಾಡಿದ್ದರೂ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆ ಪೂರ್ತಿ ಹೊರಗೆ ನಿಂತಿರಲಿಲ್ಲ, ಎರಡನೇ ಚರಣದ ಉಸಿರಿನ ಜಾಗದಲ್ಲಿ ಕೆಳಗಿನ ಮನೆ ಶಂಶುನ್ನೀಸಾರ ಕುಕ್ಕರ್ ಕೂಗಿಬಿಟ್ಟಿದೆ, ಅದನ್ನೂ ಕೊಯ್ದು ಬಿಸಾಕಿದಳು. ನಡುವೆ ತನ್ನ ದನಿ, ಬಲಗಡೆ ಮಂಜೂರ್ ನುಡಿಸಿದ ಕೀಬೋರ್ಡ್, ಎಡಗಡೆ ಗಂಡ ವಿಕ್ರಮನ ಗಿಟಾರ್, ಇರುವುದೇ ಮೂರು ಎಳೆ, ಸಾಯಂಕಾಲ ಮಂಜೂರ್ ಈ ಸಿಡಿಯನ್ನು ಶಿವಾಜಿನಗರದ ಕ್ಯಾಸೆಟ್ ಕಂಪನಿಯವರಿಗೆ ಕೊಡಬೇಕು, ಅವರಿಗೆ ಹೊಸ ದನಿ ಬೇಕಂತೆ, ಹೊಸ ದನಿ, ಇಪ್ಪತ್ತಾರು ವರ್ಷದ ಹಳೇ ದನಿ ಇದು, ಆದರೆ ಯಾರೂ ಕೇಳಿಲ್ಲವಲ್ಲ, ಹಾಗಾಗಿ ಹೊಸದೇ. ಗಿಟಾರ್ ಮಾತ್ರ ಏಳುತ್ತಿಲ್ಲ. ಎಷ್ಟು ಏರಿಸಿದರೂ ಒದ್ದೆ ಕಂಬಳಿಯ ಹಿಂದೆ ಕೂತು ಮೀಟಿದ ಹಾಗೆ, ಮೊನ್ನೆಯಿಂದ ಏರಿಸುತ್ತಲೇ ಇದ್ದಾಳೆ, ಪರದೆಯ ಮೇಲೆ ಸದ್ದಿನ ಕೆಂಪು ಪಟ್ಟಿ ತುದಿ ಮುಟ್ಟುತ್ತಿದೆ, ಆದರೂ ಸಾಲದು.

ಅವತ್ತು ಹಾಗಿರಲಿಲ್ಲ, ಹೋದ ಭಾನುವಾರ, ಅವತ್ತು ಗಿಟಾರ್ ಹಾಡನ್ನೇ ತಿನ್ನುತ್ತಿತ್ತು, ಮಾತೇ ಕೇಳುತ್ತಿರಲಿಲ್ಲ, ಅದಕ್ಕೇ ಅವಳು ಇಷ್ಟೇ ಇಷ್ಟು ಇಳಿಸಿದ್ದು, ಅವನು ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ, ನನ್ನ ಗಿಟಾರ್ ಎಲ್ಲೇ, ಇಲ್ಲೇ ಇದೆ ವಿಕ್ರಮ್, ಹಿಂದೆ ಇದೆ, ಹಾಡು ಮುಂದೆ ಬರಬೇಕಲ್ವಾ, ಹಿಂದೆ ಯಾಕೆ ಇರಬೇಕು, ರಾಗ ಹಾಕಿದ್ದು ಯಾರು, ಕಂಪ್ಯೂಟರ್ ತಂದಿದ್ದು ಯಾರು, ನಿಮ್ಮಪ್ಪನಾ — ಆಮೇಲೆ ಅಂಗೈ. ಅದು ಫಟ್ ಅನ್ನಲಿಲ್ಲ, ಒಳಗೆಲ್ಲೋ ಬಾವಿಗೆ ಕಲ್ಲು ಬಿದ್ದಂಥ ಸದ್ದು, ಎಡಗಿವಿಯ ಓಲೆ ಕಿತ್ತುಬಂದು ಮಂಚದಡಿ ಉರುಳಿತು, ಅದನ್ನು ಹುಡುಕಲು ಬಗ್ಗಿದಾಗ ಕೋಣೆಯೇ ಒಂದು ಕಡೆಗೆ ವಾಲಿತ್ತು, ಅಲ್ಲೇ ಕೂತು ವಾಂತಿ ಮಾಡಿಕೊಂಡಳು. ಅವನ ಕಾರ್ಖಾನೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಮೀಟುವ ಇದೇ ಕೈ ನೋಡಿಯಲ್ಲವೇ ತಾನು ಮರುಳಾದದ್ದು. ರಾತ್ರಿ ಬಿರಿಯಾನಿ ತಂದ, ತಿನ್ನು ನಂದು, ಕೋಪ ಬಂದ್ಬಿಡ್ತು, ಅವಳು ತಿಂದಳು, ಅಗಿದಾಗೆಲ್ಲ ಕಿವಿಯೊಳಗೆ ಗಾಜು ಪುಡಿಯಾಗುತ್ತಿತ್ತು. ಮರುದಿನ ಕೆ.ಆರ್. ಪುರದಿಂದ ಅಮ್ಮ ಚಿಕ್ಕಮುನಿಯಮ್ಮ ಬಂದಿದ್ದಳು, ಕೆನ್ನೆ ಯಾಕೆ ಹಿಂಗ್ ಊದೈತೆ, ಬಾಗಿಲು ತಾಗ್ತಮ್ಮ, ಬಾಗಿಲಿಗೆ ಐದು ಬೆರಳು ಇರ್ತಾವೇನೇ, ಬಾ ನನ್ ಜತೆ, ಹಾಡು ಮುಗೀಲಿ ಬರ್ತೀನಿ ಅಂದಿದ್ದಳು, ಹಾಡು ಮುಗೀಲಿ, ಥೂ. ಮೂರು ದಿನ ಸಿಳ್ಳೆ ಹೊಡೆದ ಕಿವಿ ಆಮೇಲೆ ತಾನಾಗಿಯೇ ನಿಂತಿತು, ವಾಸಿಯಾಯ್ತು ಅಂದುಕೊಂಡಳು.

ಅಕ್ಕಾ, ಬಾಗಿಲು ತೆಗೀರಿ, ಮಂಜೂರ್, ಬೇಗ ಬಂದುಬಿಟ್ಟಿದ್ದಾನೆ, ಇಂದಿರಾನಗರದಲ್ಲಿ ಮದುವೆ ಪ್ರೋಗ್ರಾಂ ಇದೆಯಂತೆ, ಹೋಗುವ ಮುಂಚೆ ಒಂದ್ಸಲ ಕೇಳಿಬಿಡ್ತೀನಿ. ಕೇಳು, ಹೇಗಿದೆ ನೋಡು. ಅವನು ಹೆಡ್‌ಫೋನ್ ಹಾಕಿಕೊಂಡ ತಕ್ಷಣ ಕಿತ್ತು ಕೈಯಲ್ಲಿ ಹಿಡಿದ, ಏನಕ್ಕಾ ಇದು, ಎಡಗಡೆ ಗಿಟಾರ್ ಕಿವಿ ಹರೀತಾ ಇದೆ, ನಿಮ್ ವಾಯ್ಸೇ ಇಲ್ಲ. ಇಲ್ಲವಲ್ಲೋ, ಗಿಟಾರ್ ಏಳ್ತಾನೇ ಇಲ್ಲ. ಏಳ್ತಾ ಇಲ್ವಾ, ಸ್ಪೀಕರ್ ಒಡ್ದೋಗತ್ತೆ ಅಕ್ಕಾ. ಅವಳು ಅದನ್ನು ಇಸಕೊಂಡು ತಿರುಗಿಸಿ ಹಾಕಿಕೊಂಡಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಪ್ಲೇ ಒತ್ತಿದಳು — ಗಿಟಾರ್ ಬಲಗಿವಿಗೆ ಕೊಡಲಿಯ ಹಾಗೆ ಬಿತ್ತು. ಎಡಗಿವಿಯಲ್ಲಿ ಈಗ ಕೀಬೋರ್ಡ್ ಇರಬೇಕಾಗಿತ್ತು. ಇರಲಿಲ್ಲ. ಬೆರಳಿಂದ ಎಡಗಿವಿಯ ಪಕ್ಕ ಚಿಟಿಕೆ ಹೊಡೆದಳು, ಮತ್ತೆ ಹೊಡೆದಳು, ಏನೂ ಇಲ್ಲ, ಬೆರಳಿಗೆ ಬೆರಳು ಉಜ್ಜಿದ್ದಷ್ಟೇ. ಮಂಜೂರನ ಮುಖ ನೋಡಿದಳು, ಅವನು ಅವಳ ಕೆನ್ನೆ ನೋಡುತ್ತಿದ್ದ, ಅಕ್ಕಾ, ಡಾಕ್ಟರ್ ಹತ್ರ ಹೋಗೋಣ, ನಡೀರಿ. ನೀನು ಹೋಗು ಮಂಜೂರ್, ಪ್ರೋಗ್ರಾಂ ತಪ್ಪಿಸ್ಬೇಡ, ಸಿಡಿ ನಾನೇ ತಲುಪಿಸ್ತೀನಿ.

ಅವನು ಮೆಟ್ಟಿಲಿಳಿದ ಸದ್ದು ಒಂದೇ ಕಡೆಯಿಂದ ಬಂತು, ಇನ್ನು ಮೇಲೆ ಎಲ್ಲವೂ ಒಂದೇ ಕಡೆಯಿಂದ, ಜಗತ್ತು ಅರ್ಧ ಸುಲಿದ ಹಣ್ಣಿನ ಹಾಗೆ, ಸತ್ತ ಕಿವಿಗೆ ಮಿಕ್ಸ್ ಮಾಡುತ್ತ ಕೂತಿದ್ದೆನಲ್ಲ, ಕೊಂದವನ ಗಿಟಾರನ್ನೇ ಏರಿಸುತ್ತ, ಏರಿಸುತ್ತ — ವಿಕ್ರಮ್ ಮೊದಲ ಪಾಳಿ ಮುಗಿಸಿ ಬಂದು ಹಿಂದೆ ನಿಂತಿದ್ದ, ಮಿಶಿನ್ ಎಣ್ಣೆಯ ವಾಸನೆ ಬಂದ ಮೇಲೇ ತಿಳಿದದ್ದು. ಹೆಡ್‌ಫೋನ್ ತೆಗೆದಿಟ್ಟಿದ್ದಳು, ಸ್ಪೀಕರಿನಲ್ಲಿ ಹಾಡು ಓಡುತ್ತಿತ್ತು. ಅವನು ನಕ್ಕ, ತಲೆಯಾಡಿಸಿದ, ನೋಡು, ಈಗ ಬಂತು ನೋಡು ದಾರಿಗೆ, ಮೊದಲೇ ಹೀಗ್ ಮಾಡಿದ್ರೆ ಏನಾಗ್ತಿತ್ತು ನಿಂಗೆ, ಈಗ ಗಿಟಾರ್ ಕೇಳ್ತಿದೆ. ಅವಳು ಮೌಸ್ ಹಿಡಿದು ಗಿಟಾರಿನ ಟ್ರ್ಯಾಕನ್ನು ಪೂರ್ತಿ ಮುಚ್ಚಿದಳು. ಕೋಣೆಯಲ್ಲಿ ಅವಳ ದನಿ ಒಂದೇ ಎದ್ದು ನಿಂತಿತು, ಹಿಂದೆ ಸಣ್ಣಗೆ ಕೀಬೋರ್ಡ್, ಅಯ್ಯೋ ಇಷ್ಟು ಚೆನ್ನಾಗಿತ್ತಾ, ಇದೇ ಆಗಿತ್ತಾ ಬೇಕಾದದ್ದು. ತೆಗಿ ಅದನ್ನ, ಲೇ, ಹಾಕು ವಾಪಸ್. ನನ್ನ ಎಡಗಿವಿ ಹೋಯ್ತು ವಿಕ್ರಮ್, ಪೂರ್ತಿ ಹೋಯ್ತು, ನೀನು ಹೊಡೆದದ್ದಕ್ಕೆ. ನಾಟಕ ಆಡ್ಬೇಡ, ಹಾಕು ಅಂದೆ. ಕೈ ಎದ್ದಿತು, ಈ ಸಲ ಬಲಗಡೆಗೆ, ಉಳಿದ ಒಂದೇ ಕಿವಿಯ ಕಡೆಗೆ, ಅವಳ ಕೈಗೆ ಮೈಕಿನ ಸ್ಟ್ಯಾಂಡ್ ಸಿಕ್ಕಿತು, ಕಬ್ಬಿಣದ ದುಂಡು ತಳ ಮೇಲಾಗಿ ಬೀಸಿದಳು, ಹುಬ್ಬಿಗೆ ಬಿತ್ತು, ಬಿದ್ದದ್ದು ತೋಳಿನಲ್ಲಿ ತಿಳಿಯಿತು, ಹಸಿ ಕುಂಬಳಕಾಯಿ ಒಡೆದಂತೆ, ಅವನು ಗೋಡೆಗೆ ಒರಗಿಸಿದ್ದ ಹಾಸಿಗೆಯ ಸಮೇತ ಜಾರಿ ಕುಳಿತ, ಹುಬ್ಬು ಸೀಳಿ ರಕ್ತ ಇಳಿದು ಒಂದು ಕಣ್ಣು ತುಂಬಿತು, ಆ ಕಣ್ಣು ಮುಚ್ಚಲಿಲ್ಲ, ಕೆಂಪಿನೊಳಗಿಂದ ಅವಳನ್ನೇ ನೋಡಿತು. ಇನ್ನೊಂದು ಹೊಡಿ ಅಂದಿತು ತೋಳು, ಎತ್ತಿದ್ದಳು ಕೂಡ, ಸದ್ದು ಕೇಳಿ ಶಂಶುನ್ನೀಸಾ ಹತ್ತಿ ಬಂದು ತಡೆಯದಿದ್ದರೆ ಹೊಡೆದೇಬಿಡುತ್ತಿದ್ದಳು, ಬಿಡಮ್ಮಾ, ಸಾಯ್ತಾನೆ, ಬಿಡು, ಆಕೆ ಸೆರಗು ಮಡಿಸಿ ಅವನ ಹುಬ್ಬಿಗೆ ಒತ್ತಿದರು, ಜೀವ ಐತೆ, ನಾನ್ ಆಸ್ಪತ್ರೆಗೆ ಕಳಿಸ್ತೀನಿ, ನೀನ್ ನಡಿ, ನಿಮ್ಮಮ್ಮನ ಮನೆಗೆ ನಡಿ.

ನಡೆಯಲಿಲ್ಲ, ಕೂತಳು, ಅಲ್ಲೇ, ಕೈಗೆ ಸಿಡಿದ ರಕ್ತ ಮೌಸಿಗೆ ಅಂಟುತ್ತಿದ್ದರೂ ಗಿಟಾರಿಲ್ಲದ ಹಾಡನ್ನು ಸಿಡಿಗೆ ಹಾಕಿದಳು, ಅದು ಮುಗಿಯುವವರೆಗೆ ಅವನು ನರಳಿದ್ದು ಬಲಗಿವಿಗೆ ಕೇಳಿತು. ಶಿವಾಜಿನಗರದಲ್ಲಿ ಕಂಪನಿಯ ಮೇಜಿನ ಮೇಲೆ ಸಿಡಿ ಇಟ್ಟು ಬಂದಳು, ಹೆಸರು, ನಂದಿತಾ, ಅಷ್ಟೇನಾ, ಅಷ್ಟೇ. ಈಗ ಕೆ.ಆರ್. ಪುರದ ಬಸ್ಸು ಟಿನ್ ಫ್ಯಾಕ್ಟರಿ ಸ್ಟಾಪಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ, ಹಾರ್ನುಗಳೆಲ್ಲ ಒಂದೇ ಪಕ್ಕದಿಂದ, ಎಡಗಡೆ ಕೂತ ಹೆಂಗಸು ಏನೋ ಕೇಳಿದಳು, ತುಟಿ ಮಾತ್ರ ಆಡಿತು, ಪೊಲೀಸರು ಬರಬಹುದು, ಬರಲಿ, ಅಮ್ಮನಿಗೆ ಮೊದಲು ಏನು ಹೇಳಲಿ, ಹಾಡು ಮುಗೀತು ಅನ್ನಲಾ, ಡಾಕ್ಟರ್, ನಾಳೆ, ಕಿವಿ ಬರುತ್ತದಾ, ಬರದಿದ್ದರೆ ಒಂದರಲ್ಲೇ ಹಾಡುತ್ತೀನಿ, ಹಾಡಲಿಕ್ಕೆ ಗಂಟಲು ಇದೆ, ಆದರೆ ಆ ಕಣ್ಣು, ರಕ್ತದೊಳಗೆ ತೆರೆದೇ ಇದ್ದ ಕಣ್ಣು, ಬಸ್ಸು ಹೊರಡುತ್ತಿಲ್ಲ, ಅದರಲ್ಲಿ ಸಿಟ್ಟಿರಲಿಲ್ಲ, ನೋವೂ ಇರಲಿಲ್ಲ, ಬರೀ ಆಶ್ಚರ್ಯ, ಇವಳಿಗೂ ಕೈ ಇದೆಯಾ ಅನ್ನುವ ಹಾಗೆ, ರೆಪ್ಪೆ ಬಡಿಯದೆ, ಆ ಕಣ್ಣು —