ಬಿಳಿ ಪಂಚೆ

ತನ್ನ ಸೀಮೆ ಇಂಗ್ಲೆಂಡಿಗೆ ಮರಳಿ ಹೊರಟಿದ್ದ ಬಿಳಿ ದೊರೆಯೊಬ್ಬನ ಮೋಟಾರ್ ಸೈಕಲ್ ಕೊಂಡು ತರಲು ಊಟಿಗೆ ಹೋದ ಗುರುಪಾದಸ್ವಾಮಿ ಸೋಮವಾರವೇ ಉಡಿಗಾಲಕ್ಕೆ ಮರಳಬೇಕಿತ್ತು. ಗುರುವಾರವಾದರೂ ಸುದ್ದಿಯಿಲ್ಲ. ಘಾಟಿಯ ತಿರುವುಗಳನ್ನು ನೆನೆದು ಹೆಂಡತಿ ಶಾಂತಮಲ್ಲಮ್ಮ ಗಳಿಗೆಗೊಮ್ಮೆ ಹೊಸಿಲಿಗೆ ಬಂದು ದಾರಿ ನೋಡುತ್ತಿದ್ದಳು.

ಸಂಜೆ ಗುಂಡ್ಲುಪೇಟೆ ಕಡೆಯಿಂದ ಎತ್ತಿನ ಗಾಡಿಯೊಂದು ನಿಧಾನವಾಗಿ ಬಂತು. ಅದರಲ್ಲಿ ಬಿಳಿ ಪಂಚೆ ಹೊದಿಸಿ, ಹಗ್ಗ ಬಿಗಿದು, ಹಾರ ಹಾಕಿ ನೆಟ್ಟಗೆ ಕೂರಿಸಿದ ಆಕಾರ. ಲಿಂಗಾಯತರಾದ ಅವರ ಜನರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿಯೇ ಒಯ್ಯುತ್ತಾರೆ. ಪಂಚೆಯ ಕೆಂಪಂಚು ಗಂಡನದೇ. ಅವಳು ಹೊಸಿಲಿಗೆ ಎರಡೂ ಕೈ ಬಡಿದು ಕುಸಿದಳು.

ಆ ಆಕಾರ ವಾಲದಂತೆ ಗಾಡಿಯ ಹಿಂದಿನಿಂದ ಹಿಡಿದು ನಡೆದು ಬಂದಿದ್ದ ಗುರುಪಾದಸ್ವಾಮಿ ಇಣುಕಿದ.

"ದಾರೀಲಿ ಮೋಟಾರ್ ಸೈಕಲ್ ಇಂಜಿನ್ನು ಕೆಟ್ಟೋಯ್ತು, ಗಾಡಿಗೆ ಏರಿಸ್ಕೊಂಡು ಬಂದೆ. ಪೂಜೆ ಮಾಡ್ಸಿ, ದೂಳು ಕೂರ್ಬಾರ್ದು ಅಂತ ನನ್ ಪಂಚೆನೇ ಒದಿಸ್ಬುಟ್ಟೆ ಕಣಮ್ಮಿ."

ಅವಳು ತಲೆಯೆತ್ತಲಿಲ್ಲ. ಅವನ ಕಣ್ಣಿಗೆ ಬೀಳುವ ಮೊದಲೇ ಹೊಸಿಲ ಮೇಲಿನ ಹಸಿರು ಬಳೆಚೂರುಗಳನ್ನು ಬರಿಗೈಯಲ್ಲಿ ಸೆರಗಿಗೆ ಬಾಚಿಕೊಳ್ಳುತ್ತಿದ್ದಳು.